ಗೇಟಿನ ಕಂಬದ ಮೇಲೆ ಏಳು ಗೆರೆ

ಆ ಬಡಾವಣೆಯಲ್ಲಿ ಇದ್ದದ್ದು ಆರು ಬೀದಿ, ನೂರ ನಲವತ್ತು ಮನೆ, ಎರಡು ನಾಯಿ ಮತ್ತು ಒಂದು ನಿವಾಸಿಗಳ ಸಂಘ. ಇಷ್ಟರ ಜೊತೆಗೂ ಒಂದಲ್ಲ ಒಂದು ಸಲ ಜಗಳವಾಡಿ ಮುಗಿಸಿದವಳು ಪೇಪರಕ್ಕ ಒಬ್ಬಳೇ. ನಾಯಿಗಳು ಮಾತ್ರ ಅವಳೊಂದಿಗೆ ರಾಜಿಗೆ ಬಂದಿದ್ದವು.

ಇಪ್ಪತ್ನಾಲ್ಕು ವರ್ಷದಿಂದ ಅವಳು ಆ ಮನೆಗಳಿಗೆ ಪೇಪರ್ ಹಾಕುತ್ತಿದ್ದಳು. ಸೈಕಲ್ಲಿನಿಂದ ಇಳಿಯದೆ ಪೇಪರನ್ನು ಮೂರು ಮಡಿಕೆ ಮಡಿಸಿ ಗೇಟಿನಾಚೆ ಎಸೆದಳೆಂದರೆ ಅದು ಹೋಗಿ ಮೆಟ್ಟಿಲ ಮೇಲೇ ಕೂರಬೇಕು. ಐವತ್ತೆರಡರ ಹೆಂಗಸಿಗೆ ಆ ಕೈಗುರಿ ಇರುವುದನ್ನು ಜನ ಮೆಚ್ಚಬೇಕಿತ್ತು. ಮೆಚ್ಚಲಿಲ್ಲ. ವರ್ಷಕ್ಕೊಂದು ದಿನ ಪೇಪರ್ ಹೂಕುಂಡದೊಳಗೆ ಬಿದ್ದದ್ದನ್ನು ಮಾತ್ರ ನೆನಪಿಟ್ಟುಕೊಂಡರು. ಪೇಪರ್ ಒದ್ದೆಯಾಗಿದೆ ಎಂದು ಯಾರಾದರೂ ಗೊಣಗಿದರೆ, ಮಳೆಯನ್ನೂ ನಾನೇ ಕರೆಸಿದೆನಾ ಎಂದು ಕೇಳಿ ಅವಳು ಪೆಡಲ್ ತುಳಿಯುತ್ತಿದ್ದಳು. ನಾಲಿಗೆ ಉದ್ದ ಎಂದು ಹೆಸರಾಯಿತು. ಇರಲಿ, ಅವಳಿಗೂ ಆ ಹೆಸರು ಬೇಕಾಗಿಯೇ ಇತ್ತು, ಹೆದರುವವರು ತಿಂಗಳ ದುಡ್ಡನ್ನು ಸತಾಯಿಸದೆ ಕೊಡುತ್ತಾರೆ.

ಪೇಪರ್ ಹಾಕುವ ಮನೆಗಳ ಆ ಲೈನನ್ನು ಕಟ್ಟಿದವನು ಅವಳ ಗಂಡ. ಅವನ ಜೊತೆಗೆ ದುಡಿದವಳು ಅವನ ತಂಗಿ, ಅಂದರೆ ಇವಳ ನಾದಿನಿ. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಂಡ ಮೂರನೇ ಬೀದಿಯ ತಿರುವಿನಲ್ಲಿ ಸೈಕಲ್ ಸಮೇತ ಬಿದ್ದ. ಯಾರೋ ಆಸ್ಪತ್ರೆಗೆ ಸಾಗಿಸಿದರು. ಸುದ್ದಿ ಕೇಳಿ ಓಡಿಬಂದ ಪೇಪರಕ್ಕನಿಗೆ ರಸ್ತೆಯಲ್ಲಿ ಸಿಕ್ಕಿದ್ದು ಸೈಕಲ್ಲು ಮತ್ತು ಚೀಲದಲ್ಲಿ ಉಳಿದ ಹದಿನೇಳು ಪೇಪರು. ತಲೆಸುತ್ತು ಬಂದಿದೆಯಷ್ಟೆ, ಗ್ಲೂಕೋಸ್ ಹಾಕಿ ಕಳಿಸುತ್ತಾರೆ ಎಂದುಕೊಂಡು ಅವಳು ಆ ಹದಿನೇಳನ್ನೂ ಹಾಕಿ ಮುಗಿಸಿ ಆಸ್ಪತ್ರೆಗೆ ಹೋದಳು. ಅಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಹೆಣ ಮನೆಗೆ ಬಂದಾಗ ನಾದಿನಿ ನೆರೆದವರ ಎದುರಿಗೇ, ನಮ್ಮಣ್ಣ ಸಾಯ್ತಾ ಮಲಗಿದ್ದಾಗ ಇವಳು ಪೇಪರ್ ಹಾಕ್ತಿದ್ದಳು ಎಂದಳು. ಅದು ಸುಳ್ಳಾಗಿರಲಿಲ್ಲ, ಅದಕ್ಕೇ ಅದನ್ನು ಕ್ಷಮಿಸಲು ಆಗಲಿಲ್ಲ.

ಅಂದಿನಿಂದ ಅತ್ತಿಗೆ ನಾದಿನಿ ಒಂದು ಮಾತೂ ಆಡಿಲ್ಲ. ಹಿಟ್ಟಿನ ಗಿರಣಿಯ ಹಿಂದೆ ಒಂದೇ ಗೋಡೆ ಹಂಚಿಕೊಂಡ ಎರಡು ಕೋಣೆ, ಎರಡಕ್ಕೂ ಸೇರಿ ಅಂಗಳದಲ್ಲಿ ಒಂದು ನಲ್ಲಿ. ಒಬ್ಬಳು ಕೆಮ್ಮಿದರೆ ಇನ್ನೊಬ್ಬಳ ನಿದ್ದೆ ಕೆಡುತ್ತಿತ್ತು, ಆದರೂ ತುಟಿ ಪಿಟಕ್ ಎನ್ನುತ್ತಿರಲಿಲ್ಲ. ಲೈನು ಯಾರದ್ದು ಎಂಬ ರಗಳೆ ಪೇಪರ್ ಏಜೆಂಟನ ಬಳಿಗೆ ಹೋಯಿತು. ಅವನು ತಲೆ ಕೆಡಿಸಿಕೊಳ್ಳದೆ, ಒಂದು ವಾರ ನೀನು ಹಾಕು, ಒಂದು ವಾರ ಅವಳು ಹಾಕಲಿ, ಸೋಮವಾರಕ್ಕೆ ಸೋಮವಾರ ಬದಲಾಯಿಸಿಕೊಳ್ಳಿ ಎಂದು ಕೈ ತೊಳೆದುಕೊಂಡ.

ತೊಡಕು ಬಂದದ್ದು ಊರಿಗೆ ಹೋಗುವವರಿಂದ. ಯಾರೋ ಇವಳ ವಾರದಲ್ಲಿ, ಹತ್ತು ದಿನ ಇರೋದಿಲ್ಲ, ಪೇಪರ್ ಬೇಡ ಎನ್ನುತ್ತಾರೆ. ಅದನ್ನು ಮುಂದಿನ ವಾರದವಳಿಗೆ ತಿಳಿಸುವುದು ಹೇಗೆ? ಮಾತಾಡುವ ಹಾಗಿಲ್ಲ. ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸಿದರೆ ಅದೂ ಮಾತಾಡಿದ ಹಾಗೆಯೇ. ಕೊನೆಗೆ ಪೇಪರಕ್ಕ ಸೀಮೆಸುಣ್ಣ ಹಿಡಿದಳು. ಆ ಮನೆಯ ಗೇಟಿನ ಕಂಬದ ಮೇಲೆ, ಸೈಕಲ್ಲಿನಿಂದ ಬಗ್ಗಿದರೆ ಕೈಗೆ ಎಟಕುವಷ್ಟು ಎತ್ತರದಲ್ಲಿ, ಎಷ್ಟು ದಿನವೋ ಅಷ್ಟು ಗೆರೆ ಎಳೆದಳು. ಮುಂದಿನ ವಾರ ನಾದಿನಿ ಅದನ್ನು ನೋಡಿ, ಅರ್ಥ ಮಾಡಿಕೊಂಡು, ದಿನಕ್ಕೊಂದು ಗೆರೆಯನ್ನು ಹೆಬ್ಬೆರಳಿನಿಂದ ಒರೆಸುತ್ತ ಬಂದಳು, ತನ್ನ ವಾರ ಬಂದಾಗ ಇವಳೂ ಒರೆಸಿದಳು. ಗೆರೆ ಮುಗಿದ ಮರುದಿನ ಪೇಪರ್ ಶುರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ಇಷ್ಟು ಚೆನ್ನಾಗಿ ಮಾತಾಡಿಕೊಂಡಿರುವ ಅತ್ತಿಗೆ ನಾದಿನಿಯರು ಬೇರೆಲ್ಲೂ ಇರಲಿಕ್ಕಿಲ್ಲ.

ಮನೆಯವರು ಈ ಗೆರೆ ನೋಡುತ್ತಿರಲಿಲ್ಲವೇ ಎಂದರೆ, ನಿಮ್ಮ ಮನೆ ಗೇಟಿನ ಕಂಬವನ್ನು ನೀವು ಕಡೆಯ ಸಲ ನೋಡಿದ್ದು ಯಾವಾಗ ಎಂದು ನಾನೇ ಕೇಳಬೇಕಾಗುತ್ತದೆ.

ಊರಿಗೆ ಹೋಗುವವರು ತನಗೆ ಹೇಳದೆ ಹೋದರೆ ಪೇಪರಕ್ಕನಿಗೆ ಮೈ ಉರಿಯುತ್ತಿತ್ತು. ಮೆಟ್ಟಿಲ ಮೇಲೆ ನಾಲ್ಕು ದಿನದ ಪೇಪರ್ ಬಿದ್ದಿದ್ದರೆ ಕಳ್ಳನನ್ನು ಕೈಹಿಡಿದು ಕರೆದ ಹಾಗೆ ಎಂದು ಬಾಗಿಲಲ್ಲಿ ನಿಂತು ಪಾಠ ಮಾಡುತ್ತಿದ್ದಳು. ನಿಮ್ಮ ಮನೆ ಭದ್ರವಾಗಿರೋದು ಬೀಗದಿಂದ ಅಲ್ಲ, ನನ್ನಿಂದ ಎಂದೂ ಸೇರಿಸುತ್ತಿದ್ದಳು. ಆ ಮಾತನ್ನು ಅವಳು ಮನಸಾರೆ ನಂಬಿದ್ದಳು ಎಂಬುದನ್ನು ಓದುವವರು ನೆನಪಿನಲ್ಲಿಡಬೇಕು.

ಕಳ್ಳತನ ಶುರುವಾದದ್ದು ಬೇಸಿಗೆಯ ಕೊನೆಗೆ. ಏಳು ತಿಂಗಳಲ್ಲಿ ಮೂರು ಮನೆ ಒಡೆದವು. ಮೂರೂ ಹಾಡುಹಗಲಲ್ಲಿ, ಮೂರೂ ಯಾರೂ ಇಲ್ಲದ ಮನೆ. ಕಳ್ಳ ಹಿತ್ತಲ ಬಾಗಿಲ ಚಿಲಕ ಮೀಟಿ, ಬೇಕಾದ್ದು ಆರಿಸಿಕೊಂಡು, ಆತುರವಿಲ್ಲದೆ ಹೋಗಿದ್ದ. ಒಂದು ಮನೆಯಲ್ಲಂತೂ ಅಡುಗೆಮನೆಯಲ್ಲಿ ಕೂತು ಡಬ್ಬಿಯ ಬಿಸ್ಕತ್ತು ಖಾಲಿ ಮಾಡಿದ್ದ. ಯಾರೂ ಇಂದು ಬರುವುದಿಲ್ಲ ಎಂದು ಖಾತ್ರಿಯಿದ್ದವನು ಮಾತ್ರ ಹಾಗೆ ಕೂತು ತಿನ್ನಬಲ್ಲ. ಬಡಾವಣೆಯ ಜನಕ್ಕೆ ಒಡವೆ ಹೋದದ್ದಕ್ಕಿಂತ ಆ ಬಿಸ್ಕತ್ತಿನ ವಿಷಯವೇ ಹೆಚ್ಚು ಭಯ ಹುಟ್ಟಿಸಿತು.

ಸಂಘದ ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಅಂಗಡಿಯವರ ತಕ್ಕಡಿ ಹಿಡಿದು ಅನುಮಾನಪಟ್ಟು ಅಭ್ಯಾಸವಾಗಿದ್ದ ಆ ಮನುಷ್ಯನಿಗೆ ಮನೆಯಲ್ಲಿ ಅನುಮಾನಪಡಲು ಏನೂ ಸಿಗದೆ ಕೈ ಕಡಿಯುತ್ತಿತ್ತು. ಕಳ್ಳ ಅವರ ಪಾಲಿಗೆ ದೇವರಂತೆ ಬಂದ. ಬೀದಿಗಳ ಎರಡು ತುದಿಗೆ ಕ್ಯಾಮೆರಾ ಬಂತು. ಹಾಲಿನವನು, ಗ್ಯಾಸಿನವನು, ಮನೆಗೆಲಸದವರು, ಪೇಪರಿನವರು ಎಲ್ಲರೂ ಕೊರಳಿಗೆ ಫೋಟೊ ಇರುವ ಕಾರ್ಡು ತೂಗುಹಾಕಿಕೊಂಡೇ ಒಳಗೆ ಬರಬೇಕೆಂದು ನೋಟಿಸು ಅಂಟಿತು. ನಾದಿನಿ ಮಾತಾಡದೆ ಹಾಕಿಕೊಂಡಳು. ಪೇಪರಕ್ಕ ಕಾರ್ಡನ್ನು ಅಧ್ಯಕ್ಷರ ಕೈಗೇ ವಾಪಸು ಕೊಟ್ಟಳು.

"ಇಪ್ಪತ್ನಾಲ್ಕು ವರ್ಷದಿಂದ ಈ ಮುಖ ನೋಡಿದ್ದೀರಿ ಸಾರ್. ಈಗ ಫೋಟೊ ನೋಡಿ ಗುರುತು ಹಿಡೀತೀರಾ?"

ಅಧ್ಯಕ್ಷರು ಮುಖ ಗಂಟಿಕ್ಕಿಕೊಂಡು, ನಿಯಮ ಎಲ್ಲರಿಗೂ ಒಂದೇ ಎಂದರು. ನಿಮ್ಮ ಕೊರಳಲ್ಲಿ ಕಾಣ್ತಾ ಇಲ್ವಲ್ಲ ಎಂದು ಇವಳು ಹೇಳಿದ್ದು ಅವರ ಹೆಂಡತಿಗೂ ಕೇಳಿಸಿತು, ಅವರು ಒಳಗೆ ಹೋಗಿ ನಕ್ಕರು. ಅಧ್ಯಕ್ಷರು ಅದನ್ನು ಮರೆಯುವ ಪೈಕಿ ಅಲ್ಲ.

ಆ ದಿನಗಳಲ್ಲಿ ಪೇಪರಕ್ಕನ ಸಿಟ್ಟು ತಿರುಗಿದ್ದು ಬೇರೆ ಕಡೆಗೆ. ಜಾಹೀರಾತಿನ ಚೀಟಿಗಳನ್ನು ಪೇಪರಿನೊಳಗೆ ಸೇರಿಸಿ ಹಂಚುವುದು ಪೇಪರಿನವರ ಹಕ್ಕು. ಈಗ ಒಬ್ಬ ಟೋಪಿಯವನು ಮಧ್ಯಾಹ್ನದ ಹೊತ್ತಿನಲ್ಲಿ ಮೋಟಾರ್ ಬೈಕಿನಲ್ಲಿ ಬಂದು ಟ್ಯೂಷನ್ನಿನ ಚೀಟಿ, ಹಲ್ಲಿನ ಡಾಕ್ಟರ ಚೀಟಿ ಅಂತ ನೇರ ಗೇಟುಗಳಿಗೇ ಸಿಕ್ಕಿಸಿ ಹೋಗುತ್ತಿದ್ದ. ಒಂದು ದಿನ ಅವನನ್ನು ಅಡ್ಡಗಟ್ಟಿ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದ್ದೀಯಾ ಎಂದು ಬಾಯಿಗೆ ಬಂದಂತೆ ಬೈದಳು. ಅವನು ಹಲ್ಲು ಕಿರಿದು, ಪ್ರತಿ ಗೇಟಿನ ಮುಂದೆ ನಿಂತು ಕಷ್ಟಪಡ್ತೀನಿ ಅಕ್ಕ, ನಿಮ್ಮ ಹಾಗೆ ದೂರದಿಂದ ಎಸೆಯೋದಲ್ಲ ಎಂದ. ಆ ಮಾತನ್ನು ಅವಳು ಅಧಿಕಪ್ರಸಂಗ ಎಂದಷ್ಟೇ ತಿಳಿದಳು.

ನಾಲ್ಕನೆಯ ಕಳ್ಳತನ ಟೀಚರಮ್ಮನ ಮನೆಯಲ್ಲಾಯಿತು.

ನಾಲ್ಕನೇ ಬೀದಿಯ ಈ ಟೀಚರಮ್ಮ ಒಂಟಿ ಹೆಂಗಸು, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬಡಾವಣೆಯಲ್ಲಿ ಪೇಪರಕ್ಕ ಸೈಕಲ್ಲಿನಿಂದ ಇಳಿಯುತ್ತಿದ್ದ ಮನೆ ಅದೊಂದೇ. ಲೈನು ಮುಗಿಸಿ ಬಂದು ಅವರ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಕಾಫಿ ಕುಡಿಯುತ್ತಿದ್ದಳು. ಗಂಡ ಸತ್ತ ದಿನದ ಹದಿನೇಳು ಪೇಪರಿನ ಕತೆಯನ್ನು ಅವಳು ಅತ್ತು ಹೇಳಿಕೊಂಡದ್ದು ಅವರೊಬ್ಬರ ಹತ್ತಿರ. ಟೀಚರಮ್ಮ ಮಗಳ ಮನೆಗೆ ಹತ್ತು ದಿನಕ್ಕೆ ಹೋಗುವಾಗ ಅಕ್ಕಪಕ್ಕದವರಿಗೂ ತಿಳಿಸಲಿಲ್ಲ, ಕಾಲ ಸರಿಯಿಲ್ಲ ಎಂದು ಪೇಪರಕ್ಕನಿಗೊಬ್ಬಳಿಗೆ ಹೇಳಿ ಹೋದರು. ಅವಳು ಯಾರಿಗೂ ಬಾಯಿ ಬಿಡಲಿಲ್ಲ. ಹತ್ತು ಗೆರೆ ಎಳೆದಳು, ಅಷ್ಟೆ.

ಹಿಂತಿರುಗಿ ಬಂದಾಗ ಕಪಾಟು ತೆರೆದು ಬಿದ್ದಿತ್ತು. ತಾಯಿಯ ಎರಡು ಬಳೆ ಹೋಗಿದ್ದವು. ಅವುಗಳ ಜೊತೆ ತಗಡಿನ ಪೆಟ್ಟಿಗೆಯಲ್ಲಿದ್ದ, ತೀರಿಕೊಂಡ ಗಂಡನ ಕೈಗಡಿಯಾರವೂ ಹೋಗಿತ್ತು. ಸುದ್ದಿ ಕೇಳಿ ಪೇಪರಕ್ಕ ಓಡಿದಳು. ಮೆಟ್ಟಿಲ ಮೇಲೆ ಅಧ್ಯಕ್ಷರೂ ಇಬ್ಬರು ಪೊಲೀಸರೂ ನಿಂತಿದ್ದರು. ಟೀಚರಮ್ಮ ಅವಳನ್ನು ನೋಡಿದ ರೀತಿಯಲ್ಲೇ ಅವಳಿಗೆ ಅರ್ಧ ಅರ್ಥವಾಯಿತು.

"ಬಳೆ ಹೋಗಲಿ," ಎಂದರು ಟೀಚರಮ್ಮ. "ಆ ವಾಚಿಗೆ ನಾನು ದಿನಾ ಬೆಳಿಗ್ಗೆ ಕೀ ಕೊಡ್ತಿದ್ದೆ. ನಾನು ಊರಲ್ಲಿಲ್ಲ ಅಂತ ನಿನಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ."

ಅವರು ಬೈಯಲಿಲ್ಲ. ಲೆಕ್ಕ ಬಿಡಿಸಿದ ಹಾಗೆ ಹೇಳಿದರು. ಬೈದಿದ್ದರೆ ಪೇಪರಕ್ಕನಿಗೆ ತಿರುಗಿ ಬೈಯಲು ಬರುತ್ತಿತ್ತು.

ಶನಿವಾರ ಸಂಜೆ ಸಂಘದ ಸಭೆ ಅಧ್ಯಕ್ಷರ ಮನೆಯ ಕಾರ್ ಷೆಡ್ಡಿನಲ್ಲಿ ಸೇರಿತು. ಕಾರು ಮಾರಿ ಎರಡು ವರ್ಷವಾಗಿದ್ದರಿಂದ ಪ್ಲಾಸ್ಟಿಕ್ ಕುರ್ಚಿಗಳಿಗೆ ಜಾಗವಿತ್ತು. ಪೇಪರಕ್ಕನಿಗೆ ಕುರ್ಚಿ ಹಾಕಿರಲಿಲ್ಲ. ಅಧ್ಯಕ್ಷರು ಹಾಳೆ ಹಿಡಿದು ನಾಲ್ಕೂ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೇಳಿದರು, ಊರಿಗೆ ಹೋಗುವಾಗ ಯಾರಿಗೆ ಹೇಳಿದ್ದಿರಿ? ಒಬ್ಬರು ಪಕ್ಕದ ಮನೆಗೆ ಹೇಳಿದ್ದರು, ಇನ್ನೊಬ್ಬರು ಕೆಲಸದವಳಿಗೆ. ಆದರೆ ನಾಲ್ವರೂ ಹೇಳಿದ್ದು ಪೇಪರಿನವಳಿಗೆ. ಅಧ್ಯಕ್ಷರು ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ತಕ್ಕಡಿ ಯಾವ ಕಡೆ ವಾಲ್ತಾ ಇದೆ ಅಂತ ನಾನು ಹೇಳಬೇಕಾಗಿಲ್ಲ ಎಂದರು. ಮುಂದಿನ ಒಂದನೇ ತಾರೀಕಿನಿಂದ ಬಡಾವಣೆಗೆ ಬೇರೆ ಏಜೆಂಟನ ಪೇಪರ್ ತರಿಸುವುದೆಂದು ಕೈ ಎತ್ತಿಸಿದರು. ಎತ್ತಿದ ಕೈಗಳಲ್ಲಿ ಟೀಚರಮ್ಮನದೂ ಇತ್ತು, ಅರ್ಧಕ್ಕೆ.

ಆ ಅರ್ಧ ಕೈ ನೋಡಿ ಪೇಪರಕ್ಕನಿಗೆ ಏನಾಯಿತೋ. ಲೈನು ಹೋದರೆ ಹೊಟ್ಟೆಪಾಡು ಹೋದಂತೆ, ಅದು ಒಂದು ಕಡೆಗಿರಲಿ, ಕಳ್ಳಿ ಎಂದು ಅನ್ನಿಸಿಕೊಂಡು ಈ ಆರು ಬೀದಿಯಿಂದ ಹೊರಬೀಳಬೇಕಲ್ಲ ಎಂದು ಅವಳ ಎದೆ ಉರಿದುಹೋಯಿತು. ತಪ್ಪಿಸಿಕೊಳ್ಳಲು ಒಂದು ದಾರಿ ಕಂಡಿತು. ಆ ದಾರಿ ಒಂಬತ್ತು ವರ್ಷದಿಂದ ಅವಳಿಗೆ ಬೇಕಾಗಿಯೂ ಇತ್ತು.

"ನನಗೊಬ್ಬಳಿಗೇ ಗೊತ್ತಿರೋದಲ್ಲ," ಎಂದಳು. "ನನ್ನ ನಾದಿನಿಗೂ ಗೊತ್ತಿರುತ್ತೆ. ಅವಳನ್ನ ಯಾಕೆ ಕೇಳಲ್ಲ?"

ಹೇಳುವಾಗ ಹೊಟ್ಟೆ ತಣ್ಣಗಾಯಿತು ಎನ್ನುವುದನ್ನು ಮುಚ್ಚಿಡಬಾರದು. ನಾದಿನಿಯೇ ಕಳ್ಳಿ ಎಂದು ಆ ಹೊತ್ತಿಗೆ ಅವಳು ನಂಬಿಯೂಬಿಟ್ಟಿದ್ದಳು, ದ್ವೇಷಕ್ಕೆ ಸಾಕ್ಷಿ ಹುಡುಕುವ ಕಷ್ಟವಿರುವುದಿಲ್ಲ. ಮರುದಿನ ಭಾನುವಾರ ಪೊಲೀಸರು ಗಿರಣಿಯ ಹಿಂದಿನ ಕೋಣೆಗೆ ಬಂದು ನಾದಿನಿಯನ್ನು ಠಾಣೆಗೆ ಕರೆದೊಯ್ದರು. ಬೆಳಿಗ್ಗೆ ಹೋದವಳು ಸಂಜೆ ಬಂದಳು. ಅಂಗಳದ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದುಕೊಂಡಳು. ಪೇಪರಕ್ಕ ಕಿಟಕಿಯ ಸಂದಿಯಿಂದ ಎಲ್ಲ ನೋಡಿದಳು, ಬಾಗಿಲು ತೆಗೆಯಲಿಲ್ಲ.

ಅದೇ ಭಾನುವಾರದ ಬೆಳಿಗ್ಗೆ ಇನ್ನೊಂದು ಕೆಲಸವೂ ಆಗಿತ್ತು. ಅದು ಪೇಪರಕ್ಕನ ವಾರದ ಕಡೆಯ ದಿನ. ಅಧ್ಯಕ್ಷರ ಗೇಟಿನ ಮುಂದೆ ಬಂದಾಗ ಹಿಂದಿನ ಸಂಜೆಯ ಉರಿ ಮತ್ತೆ ತಲೆಗೇರಿತು. ಅಧ್ಯಕ್ಷರಿಗೆ ಬೆಳಿಗ್ಗೆ ಪೇಪರ್ ಇಲ್ಲದಿದ್ದರೆ ಹೊಟ್ಟೆ ಸರಿಯಾಗುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದ ಗುಟ್ಟು. ಅವಳು ಸೈಕಲ್ ನಿಲ್ಲಿಸಿ, ಬಗ್ಗಿ, ಅವರ ಕಂಬದ ಮೇಲೆ ಏಳು ಗೆರೆ ಎಳೆದಳು. ನಾಳೆಯಿಂದ ಒಂದು ವಾರ ನಾದಿನಿ ಇವರಿಗೆ ಪೇಪರ್ ಹಾಕುವುದಿಲ್ಲ. ಅಧ್ಯಕ್ಷರು ನಾದಿನಿಗೆ ಉಗಿಯುತ್ತಾರೆ, ನಾದಿನಿ ಅಧ್ಯಕ್ಷರನ್ನು ಶಪಿಸುತ್ತಾಳೆ, ಇಬ್ಬರೂ ಹಾಳಾಗಿಹೋಗಲಿ. ಒಂದು ಸೀಮೆಸುಣ್ಣದಲ್ಲಿ ಇಬ್ಬರಿಗೂ ಬಿಸಿ ಮುಟ್ಟಿಸಿದೆನೆಂದು ಅವಳು ಹಾಡು ಗುನುಗುತ್ತ ಮನೆಗೆ ಹೋದಳು.

ಸೋಮವಾರ ಅಧ್ಯಕ್ಷರಿಗೆ ಪೇಪರ್ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಏಜೆಂಟನಿಗೆ ಫೋನಿನಲ್ಲಿ ಕೂಗಾಡಿ, ಗಂಟಲು ಕೆಟ್ಟು, ಮಧ್ಯಾಹ್ನ ಊಟ ಮುಗಿಸಿ ಅವರು ಬಿಸಿಲಿಗೆ ಕಿಟಕಿ ಮುಚ್ಚಿ ಮಲಗಿದರು. ಸ್ಕೂಟರ್ ರಿಪೇರಿಗೆ ಹೋಗಿತ್ತು. ಹೆಂಡತಿ ಮಹಡಿಯ ಮೇಲೆ ಬಟ್ಟೆ ಮಡಿಸುತ್ತಿದ್ದರು. ಮೂರು ಗಂಟೆಗೆ ಹಿತ್ತಲ ಬಾಗಿಲ ಚಿಲಕ ಮೀಟಿದ ಸದ್ದಿಗೆ ಅಧ್ಯಕ್ಷರು ಎದ್ದು ಬಂದರು. ಎದುರಿಗೆ ಟೋಪಿಯವನು, ಹೆಗಲಲ್ಲಿ ಚೀಟಿಯ ಚೀಲ. ಯಾರು ಹೆಚ್ಚು ಹೆದರಿದರೋ ಹೇಳುವುದು ಕಷ್ಟ. ಅವನು ತಳ್ಳಿದ, ಅಧ್ಯಕ್ಷರು ಬಿದ್ದು ಮಣಿಕಟ್ಟು ಮುರಿದುಕೊಂಡರು. ಓಡುವ ಗಡಿಬಿಡಿಯಲ್ಲಿ ಅವನು ಹೊರಬಾಗಿಲೆಂದು ತಿಳಿದು ಬಚ್ಚಲಮನೆಗೆ ನುಗ್ಗಿದ. ಮಹಡಿಯಿಂದ ಇಳಿದುಬಂದ ಹೆಂಡತಿ ಏನೂ ಕೇಳದೆ ಹೊರಗಿನಿಂದ ಅಗುಳಿ ಹಾಕಿಬಿಟ್ಟರು.

ಅರ್ಧ ಗಂಟೆಯಲ್ಲಿ ಆರು ಬೀದಿಯೂ ಆ ಗೇಟಿನ ಮುಂದಿತ್ತು. ಪೇಪರಕ್ಕನೂ ಬಂದಳು. ಪೊಲೀಸರು ಟೋಪಿಯವನನ್ನು ಕೊರಳಪಟ್ಟಿ ಹಿಡಿದು ಹೊರಗೆ ತಂದಾಗ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನೋಡಿ, ಕಳ್ಳ ಯಾರು ಅಂತ ಈಗಲಾದರೂ ನೋಡಿ ಎಂದು ಕೂಗಬೇಕೆಂದು ಬಾಯಿ ತೆರೆದಿದ್ದಳು ಕೂಡ. ಜನ ಕಳ್ಳನ ಪೆದ್ದುತನಕ್ಕೆ ನಗುತ್ತಿದ್ದರು. ಮನೆ ತುಂಬ ಜನ ಇರುವಾಗ ನುಗ್ಗಿದ್ದಾನಲ್ಲ, ಇವನೆಂಥ ಕಳ್ಳ ಎಂದು ಯಾರೋ ಅವನ ತಲೆಗೆ ಮೊಟಕಿದರು. ಅವನು ಜೀಪು ಹತ್ತುವ ಮುಂಚೆ ಅಳುವ ದನಿಯಲ್ಲಿ, ತನಗೆ ತಾನೇ ಎಂಬಂತೆ ಹೇಳಿದ.

"ಇನ್ನೂ ಐದು ದಿನ ಯಾರೂ ಇರಲ್ಲ ಅಂತ ಇತ್ತಲ್ಲಾ."

ಏನೋ ಬಡಬಡಿಸುತ್ತಾನೆ ಎಂದು ಜನ ಮತ್ತೆ ನಕ್ಕರು. ಪೇಪರಕ್ಕನ ತೆರೆದ ಬಾಯಿ ಹಾಗೇ ಉಳಿಯಿತು. ಅವಳು ಎಳೆದದ್ದು ಏಳು. ಸೋಮವಾರ ಒಂದು, ಮಂಗಳವಾರ ಒಂದು ನಾದಿನಿ ಒರೆಸಿರುತ್ತಾಳೆ. ತಿರುಗಿ ಕಂಬ ನೋಡಿದಳು. ಐದು ಗೆರೆ ಬೆಳ್ಳಗೆ ನಿಂತಿದ್ದವು.

ಒಂದೊಂದೇ ಮನೆ ಅವಳ ಕಣ್ಣ ಮುಂದೆ ಬಂತು. ಬಿಸ್ಕತ್ತಿನ ಮನೆಗೆ ಹದಿನೈದು ಗೆರೆ. ಮೂಲೆಯ ಮಹಡಿ ಮನೆಗೆ ಆರು. ಐದನೇ ಬೀದಿಯ ಮನೆಗೆ ಎಂಟು. ಟೀಚರಮ್ಮನ ಮನೆಗೆ ಹತ್ತು. ಪ್ರತಿ ಗೇಟಿನ ಮುಂದೆ ನಿಂತು ಕಷ್ಟಪಡುವವನು ವಾರಗಟ್ಟಲೆ ಆ ಗೆರೆಗಳನ್ನು ನೋಡಿದ್ದ, ದಿನಕ್ಕೊಂದು ಕಡಿಮೆಯಾಗುವುದನ್ನು ನೋಡಿದ್ದ, ಮುಗಿದ ದಿನ ಮನೆಯವರು ಹಿಂದಿರುಗುವುದನ್ನೂ ನೋಡಿದ್ದ. ಮೆಟ್ಟಿಲ ಮೇಲೆ ಬಿದ್ದ ಪೇಪರಿಂದ ಮನೆಯಲ್ಲಿ ಯಾರೂ ಇಲ್ಲ ಎಂಬುದಷ್ಟೇ ತಿಳಿಯುತ್ತದೆ. ಎಷ್ಟು ದಿನ ಇಲ್ಲ ಎಂದು ದಿನಾ ತಪ್ಪದೆ ತಿಳಿಸಿದವಳು ಅವಳು.

ಜನರ ನಡುವೆ ನಾದಿನಿಯೂ ನಿಂತಿದ್ದಳು. ಅವಳೂ ಕಂಬವನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣೆತ್ತಿ ಅತ್ತಿಗೆಯನ್ನು ನೋಡಿದಳು. ಪೇಪರಕ್ಕ ಹಿಂದೆ ಸರಿದು ಬೆನ್ನನ್ನು ಕಂಬಕ್ಕೆ ಒತ್ತಿ ನಿಂತುಬಿಟ್ಟಳು. ಜೀಪು ಹೋಗುವವರೆಗೆ, ಅಧ್ಯಕ್ಷರನ್ನು ಆಸ್ಪತ್ರೆಗೆ ಕರೆದೊಯ್ಯುವವರೆಗೆ, ಕಡೆಯವನು ಮನೆಗೆ ಹೋಗುವವರೆಗೆ ಅಲ್ಲೇ ನಿಂತಿದ್ದು ಬೆನ್ನಿನಿಂದ ಆ ಐದು ಗೆರೆಯನ್ನು ಉಜ್ಜಿದಳು. ಮನೆಗೆ ಬಂದಾಗ ನಾದಿನಿ ನಲ್ಲಿಯ ಹತ್ತಿರ ಇದ್ದಳು. ಅತ್ತಿಗೆಯ ಬೆನ್ನಿನ ಸುಣ್ಣ ನೋಡಿದಳು. ಒದ್ದೆ ಬಟ್ಟೆಯೊಂದನ್ನು ಹಿಂಡಿ ನಲ್ಲಿಯ ಕಲ್ಲಿನ ಮೇಲೆ ಎಸೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬುಧವಾರದಿಂದ ಕ್ಷಮಾಪಣೆಗಳು ಶುರುವಾದವು. ಕೈಗೆ ಪ್ಲಾಸ್ಟರ್ ಹಾಕಿಕೊಂಡ ಅಧ್ಯಕ್ಷರೇ ಬಂದು, ಆದದ್ದು ಆಯಿತು, ಲೈನು ನಿಮ್ಮದೇ, ಕಾರ್ಡೂ ಬೇಡ ಎಂದರು. ಕಳ್ಳ ಅವರ ಮನೆಗೆ ಯಾಕೆ ಬಂದ ಎಂಬುದಕ್ಕೆ ಅವರಲ್ಲಿ ಉತ್ತರ ಸಿದ್ಧವಿತ್ತು, ಸಂಘವನ್ನೇ ಹೆದರಿಸುವ ಸಂಚು. ಮಣಿಕಟ್ಟು ಮುರಿದರೂ ಅವರ ಮುಖದಲ್ಲಿ ಕಳೆ ಬಂದಿತ್ತು. ಕಳ್ಳ ಸಿಕ್ಕಿಬಿದ್ದ ಮೇಲೆ ಪೊಲೀಸರಿಗೂ ಗೆರೆಗಿರೆಯ ಗೊಡವೆ ಬೇಕಿರಲಿಲ್ಲ. ಎಲ್ಲರೂ ಹೀಗೆ ಅವಳನ್ನು ಸಾಚಾ ಎಂದು ಒಪ್ಪಿಕೊಳ್ಳುತ್ತಿರುವಾಗ ಪೇಪರಕ್ಕ ಗೇಟಿನ ಕಂಬಗಳ ಕಡೆ ಕಣ್ಣು ಹಾಯಿಸದೆ ನಡೆಯುತ್ತಿದ್ದಳು. ಸುಮ್ಮನಿದ್ದರೆ ಎಲ್ಲವೂ ಉಳಿಯುತ್ತಿತ್ತು. ಅಷ್ಟು ವರ್ಷ ಸುಮ್ಮನಿರದೆ ಬದುಕಿದವಳಿಗೆ ಈಗ ಸುಮ್ಮನಿರುವುದು ಬೇಕಾಗಿತ್ತು, ಆಗಲಿಲ್ಲ.

ಶುಕ್ರವಾರ ಸಂಜೆ ಟೀಚರಮ್ಮನೇ ಹೇಳಿಕಳಿಸಿದರು. ಕಾಫಿ ಮಾಡಿಟ್ಟಿದ್ದರು. ಬಳೆಗಳು ಕರಗಿಹೋಗಿದ್ದವು. ಗಡಿಯಾರವನ್ನು ಯಾರೂ ಕೊಳ್ಳದ್ದಕ್ಕೆ ಯಾವುದೋ ಚರಂಡಿಗೆ ಎಸೆದೆನೆಂದು ಕಳ್ಳ ಹೇಳಿದ್ದ. ಅದನ್ನೆಲ್ಲ ಹೇಳಿ ಟೀಚರಮ್ಮ ಪೇಪರಕ್ಕನ ಕೈ ಹಿಡಿದುಕೊಂಡರು. ನಿನ್ನ ಮೇಲೆ ಅನುಮಾನಪಟ್ಟೆ, ಕೈ ಎತ್ತಿದೆ, ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ ಎಂದರು. ಅವರ ಕಣ್ಣು ತುಂಬಿತ್ತು.

ಪೇಪರಕ್ಕ ಕಾಫಿಯ ಲೋಟವನ್ನು ಮುಟ್ಟದೆ ಕೆಳಗಿಟ್ಟಳು.

"ನೀವು ನನಗೊಬ್ಬಳಿಗೇ ಹೇಳಿದ್ರಿ ಟೀಚರಮ್ಮ. ನಾನು ನಿಮ್ಮ ಗೇಟಿನ ಮೇಲೆ ಬರೆದು ಬೀದಿಗೆಲ್ಲ ಹೇಳಿದೆ."

ಆಮೇಲೆ ಎಲ್ಲವನ್ನೂ ಹೇಳಿದಳು. ಹತ್ತು ಗೆರೆ, ಹೆಬ್ಬೆರಳು, ಅಧ್ಯಕ್ಷರ ಏಳು, ನಾದಿನಿಯನ್ನು ಠಾಣೆಗೆ ಕಳಿಸಿದ್ದು. ಟೀಚರಮ್ಮ ಮೊದಮೊದಲು ತಲೆಯಾಡಿಸುತ್ತಿದ್ದರು, ನಡುವೆ ಎಲ್ಲೋ ಕೈ ಬಿಟ್ಟರು. ಕೊನೆಗೆ ಅವರು ಕೇಳಿದ್ದು ಒಂದೇ.

"ಪಕ್ಕದ ಕೋಣೆಲಿ ಇರೋಳಿಗೆ ಬಾಯಿ ಬಿಟ್ಟು ಒಂದು ಮಾತು ಹೇಳೋಕಾಗಲಿಲ್ಲ ಅಂತ?"

ಹೌದು ಎಂದಳು ಪೇಪರಕ್ಕ. ಟೀಚರಮ್ಮ ಎದ್ದು ಲೋಟ ತೆಗೆದುಕೊಂಡು ಕಾಫಿಯನ್ನು ಹೂಕುಂಡಕ್ಕೆ ಸುರಿದರು. ನಾಳೆಯಿಂದ ಪೇಪರ್ ಬೇಡ ಎಂದರು. ಬಾಗಿಲು ಹಾಕಿ, ಮೇಲಿನ ಚಿಲಕ, ನಡುವಿನದು, ಹೊಸದಾಗಿ ಹಾಕಿಸಿದ ಕೆಳಗಿನದು, ಮೂರನ್ನೂ ಎಳೆದುಕೊಂಡದ್ದು ಹೊರಗೆ ಮೆಟ್ಟಿಲ ಮೇಲೆ ಕೂತವಳಿಗೆ ಕೇಳಿಸಿತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ನಾದಿನಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಪೇಪರಿಗೆ ಪುರವಣಿ ಸೇರಿಸುತ್ತಿದ್ದಳು. ಅದು ಅವಳ ವಾರ. ಪೇಪರಕ್ಕ ಬಂದು ಎದುರಿಗೆ ನಿಂತಳು. ನಾದಿನಿ ತಲೆ ಎತ್ತಲಿಲ್ಲ. ಒಂಬತ್ತು ವರ್ಷದಿಂದ ಆಡದ ಮಾತು ಬಾಯಿಗೆ ಬರುವಾಗ ಎಷ್ಟು ಭಾರವಾಗಿರುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು. ಠಾಣೆಯ ವಿಷಯಕ್ಕೆ ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು. ಬಾಯಿಂದ ಬಂದದ್ದು ಬೇರೆ.

"ನಾಲ್ಕನೇ ಬೀದಿ, ಟೀಚರಮ್ಮನ ಮನೆ. ಪೇಪರ್ ಬೇಡವಂತೆ."

ನಾದಿನಿಯ ಕೈ ನಿಂತಿತು. ಪೇಪರಿನ ರಾಶಿಯನ್ನೇ ನೋಡುತ್ತ ಕೇಳಿದಳು.

"ಎಷ್ಟು ದಿನ?"

"ಇನ್ನು ಯಾವತ್ತೂ ಬೇಡವಂತೆ."

ನಾದಿನಿ ಅವಳ ಮುಖ ನೋಡಿದಳು. ಗೆರೆಯ ವಿಷಯ ಹೇಳಿಬಂದಿದ್ದಾಳೆ ಎಂದು ತಿಳಿಯಿತು ಅವಳಿಗೆ. ರಾಶಿಯಿಂದ ಒಂದು ಪೇಪರ್ ಎತ್ತಿ ಪಕ್ಕಕ್ಕಿಟ್ಟಳು. ಠಾಣೆಯ ಕಟ್ಟಡದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತದ್ದನ್ನು ಅವಳು ಮರೆತಿಲ್ಲ, ಮರೆಯುವುದೂ ಇಲ್ಲ ಎನ್ನುವುದು ಆ ಮುಖದಲ್ಲಿ ಸ್ಪಷ್ಟವಾಗಿತ್ತು. ಆದರೂ ಕೇಳಿದಳು, ಇನ್ಯಾರಾದರೂ ಇದ್ದಾರಾ ಎಂದು.

"ಎರಡನೇ ಬೀದಿ ಮೂಲೆ ಮನೆಯವರು," ಎಂದಳು ಪೇಪರಕ್ಕ. ಅವಳ ದನಿ ಎಂದಿನಂತೆ ದೊಡ್ಡದಾಗಿಯೇ ಬಂತು. "ನಾಳೆಯಿಂದ ನಾಲ್ಕು ದಿನ ಇರಲ್ಲ."

"ಮೆಲ್ಲಗೆ ಹೇಳು ಅತ್ತಿಗೆ," ಎಂದಳು ನಾದಿನಿ. "ಬೀದಿಗೆಲ್ಲ ಕೇಳಿಸುತ್ತೆ."